ಜೋಗುಳದ ನುಡಿಯನ್ನು ನುಂಗುವ ವಾದ್ಯ

ಜೋಗುಳವನ್ನು ಶಾಲೆಯ ರಂಗಕ್ಕೆ ತರಬೇಕೆನ್ನುವವರಲ್ಲಿ ನಾವೂ ಸೇರಿದ್ದೇವೆ. ಆದರೆ ತರುವ ರೀತಿಯಲ್ಲಿ ನಮಗೆ ತೀವ್ರವಾದ ಭಿನ್ನಾಭಿಪ್ರಾಯವಿದೆ. ಹಾರ್ಮೋನಿಯಂ, ತಬಲ, ಸಾಲದುದಕ್ಕೆ ಕೀಬೋರ್ಡು—ಇವೆಲ್ಲ ಒಟ್ಟಾಗಿ ಮೊಳಗಿ, ಹಾಡಿನ ಒಂದು ನುಡಿಯೂ ಸಭೆಗೆ ಕೇಳಿಸದಾದರೆ ಅದು ಅಳವಡಿಕೆಯಲ್ಲ, ಅಪಹರಣ.

ವಾದ್ಯಘೋಷವಿಲ್ಲದೆ ಹಾಡು ರುಚಿಸದೆಂಬುದು ಪ್ರತಿಪಕ್ಷದ ವಾದ. ಸ್ಕಾಟ್ಲೆಂಡಿನ ಗೇಲಿಕ್ ಜೋಗುಳಗಳನ್ನು ಕೈಗಂಟೆಗಳ ಮೇಳಕ್ಕೆ ಹೊಂದಿಸುವುದಿಲ್ಲವೇ ಎಂದು ಕೇಳುವವರೂ ಉಂಟು. ಆ ಮೇಳದ ಕ್ರಮವನ್ನೇ ನೋಡೋಣ. ಒಂದು ಗಂಟೆಗೆ ಒಂದೇ ಸ್ವರ. ಒಬ್ಬನ ಕೈಯಲ್ಲಿ ಸಾಮಾನ್ಯವಾಗಿ ಎರಡು ಗಂಟೆ. ತನ್ನ ಸ್ವರದ ಸರದಿ ಬರುವ ತನಕ ಪ್ರತಿಯೊಬ್ಬನೂ ಕಾಯಲೇಬೇಕು. ಆ ತಾಳ್ಮೆ ಜೋಗುಳಕ್ಕೆ ಒಪ್ಪುವಂಥದೇ. ಆದರೆ ಸ್ವರದಿಂದ ಸ್ವರಕ್ಕೆ ಜಾರುವ ತಾಯಿಯ ಕಂಠವನ್ನು ಗಂಟೆ ಅನುಕರಿಸಲಾರದು. ರಾಗವನ್ನು ಉಳಿಸೀತು, ಮಾತನ್ನು ಉಳಿಸಲಾರದು. 2011ರ ಜನಗಣತಿಯಂತೆ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಆಡಬಲ್ಲವರು ಸುಮಾರು 57 ಸಾವಿರ ಮಂದಿ. ರಾಗವು ಲೋಕವನ್ನು ಸುತ್ತುತ್ತಿರುವಾಗಲೂ ನುಡಿಯು ಮನೆಯಲ್ಲಿ ಸೊರಗಬಹುದು!

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೆ ಈ ಪಾಠ ದೂರದ್ದಲ್ಲ. ಕಾರಡ್ಕದ ಮಕ್ಕಳ ಮನೆಗಳಲ್ಲಿ ತುಳುವಿದೆ, ಹವ್ಯಕವಿದೆ, ಮರಾಠಿಯಿದೆ, ಮಲೆಯಾಳವಿದೆ. ಅಕ್ಷರ ಕಲಿಯುವ ಮೊದಲೇ ಕಿವಿಗೆ ಬೀಳುವ ಸಾಹಿತ್ಯವೆಂದರೆ ಜೋಗುಳ. ಪುರಂದರದಾಸರು ಕೃಷ್ಣನನ್ನು ತೂಗಿದ್ದು ನುಡಿಯ ತೊಟ್ಟಿಲಿನಲ್ಲಿ. ನೆರೆಯ ಮಲೆಯಾಳದಲ್ಲಿ, 1813ರಲ್ಲಿ ಜನಿಸಿದ ಸ್ವಾತಿತಿರುನಾಳರಿಗಾಗಿ ಇರಯಿಮ್ಮನ್ ತಂಪಿಯವರು ರಚಿಸಿದ ಜೋಗುಳವು ಅರಮನೆಯನ್ನು ದಾಟಿ ಜನರ ಬಾಯಿಗೆ ಬಂದುದೂ ಮಾತಿನ ಬಲದಿಂದಲೇ. ಆ ಮಾತನ್ನೇ ಮುಚ್ಚಿಟ್ಟು ಬಹುಮಾನ ಗಳಿಸಿದರೆ ಕನ್ನಡ ಗಳಿಸಿದ್ದೇನು?

ಹಾಗಾದರೆ ವಾದ್ಯವೇ ಬೇಡವೇ? ಬೇಕು, ಆದರೆ ಅದು ಸೇವಕನಾಗಿರಲಿ. ಒಂದು ಕಂಠ ನುಡಿಯನ್ನು ಹಾಡಲಿ. ಉಳಿದವರು ಪಲ್ಲವಿಯನ್ನು ಮೆಲ್ಲನೆ ಎತ್ತಿಕೊಳ್ಳಲಿ. ಶ್ರುತಿಗೆ ಒಂದು ಶ್ರುತಿಪೆಟ್ಟಿಗೆ ಸಾಕು. ಗಂಟೆ ಬೇಕೆಂದರೆ ಸಾಲು ಮುಗಿದ ಮೌನದಲ್ಲಿ ಒಮ್ಮೆ ಮಿಡಿಯಲಿ. ಲಯವು ತೂಗುವ ತೊಟ್ಟಿಲಿನದಾಗಿರಲಿ, ಓಡುವ ಬಂಡಿಯದಾಗದಿರಲಿ.

ಸಹೋದ್ಯೋಗಿಗಳೇ, ಅಳವಡಿಕೆಯನ್ನು ಅಳೆಯಲು ಒಂದೇ ಪರೀಕ್ಷೆ ಸಾಕು: ಕೊನೆಯ ಬೆಂಚಿನಲ್ಲಿ ಕುಳಿತವನು ಪ್ರತಿಯೊಂದು ಪದವನ್ನೂ ತಿರುಗಿ ಹೇಳಬಲ್ಲನೇ? ಪ್ರಿಯ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಅಜ್ಜಿಯಲ್ಲಿ ಕೇಳಿ ಒಂದು ಜೋಗುಳವನ್ನು ಬರೆದು ತನ್ನಿರಿ. ವಾದ್ಯಗಳ ವಿಚಾರವನ್ನು ಆಮೇಲೆ ಮಾಡೋಣ.