ಚಿಂಚೋಳಿ: ಕುಂಡಕ್ಕಾಗಿ ಕಾಡು ಬರಿದಾಗದಿರಲಿ

ಕಾಡಿನಲ್ಲಿ ತಾನಾಗಿಯೇ ಕುಬ್ಜವಾಗಿ ಬೆಳೆದ ಮರವನ್ನು ಕಿತ್ತು ತಂದು ಬೋನ್ಸಾಯ್ ಮಾಡುವುದಕ್ಕೆ ಜಪಾನೀಯರು ‘ಯಮದೋರಿ’ ಎನ್ನುತ್ತಾರೆ. ಬಂಡೆಯ ಸಂದಿಯಲ್ಲಿ, ನೀರಿನ ಕೊರತೆಯಲ್ಲಿ ದಶಕಗಳ ಕಾಲ ತಿರುಚಿ ಬೆಳೆದ ಕಾಂಡದ ಚೆಲುವು ಕುಂಡದಲ್ಲಿ ಬೇಗ ಬಾರದು. ಹವ್ಯಾಸಿಗಳ ಕಣ್ಣು ಕಾಡಿನತ್ತ ಹೊರಳುವುದು ಅದಕ್ಕಾಗಿಯೇ.

ಚಿಂಚೋಳಿಯ ಒಣಭೂಮಿಯ ಕಾಡು ಇಂತಹವರಿಗೆ ಆಕರ್ಷಕ. ಆದರೆ ಅಷ್ಟೇ ಸೂಕ್ಷ್ಮ. 134 ಚದರ ಕಿ.ಮೀ.ಗೂ ಮಿಗಿಲಾದ ಈ ಪ್ರದೇಶ 2011ರಲ್ಲಿ ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಇಲ್ಲಿನ ಅರಣ್ಯ ಉತ್ಪನ್ನ ಒಯ್ಯುವಂತಿಲ್ಲ. ಅನುಮತಿಯೂ ವನ್ಯಜೀವಿಗಳ ಹಿತಕ್ಕಾಗಿಯೇ ಹೊರತು ಅಂಗಳದ ಅಲಂಕಾರಕ್ಕಲ್ಲ. ಹಾಗೆ ತೆಗೆದ ಉತ್ಪನ್ನವನ್ನು ಸುತ್ತಲಿನ ಜನರ ಸ್ವಂತ ಅಗತ್ಯಕ್ಕೆ ನೀಡಬಹುದು, ವ್ಯಾಪಾರಕ್ಕಲ್ಲ. ತಾಂಡಾದ ಬಡವನ ಸೌದೆಗೇ ಇಷ್ಟು ಕಟ್ಟುಪಾಡಿರುವಾಗ ಉಳ್ಳವರ ಕುಂಡಕ್ಕೆ ವಿನಾಯಿತಿ ಬಯಸುವುದು ನ್ಯಾಯವಲ್ಲ.

ಅಲ್ಲದೆ, ಅಗೆಯುವಾಗ ನೀರು ಹೀರುವ ಎಳೆಬೇರುಗಳು ಕಡಿದುಹೋದರೆ ಮರ ಒಣಗುತ್ತದೆ. ಕಾಡಿಗೂ ಇಲ್ಲ, ಕುಂಡಕ್ಕೂ ಇಲ್ಲ.

ಪರ್ಯಾಯ ಕೈಯಳತೆಯಲ್ಲಿಯೇ ಇದೆ. ಹಳೆಯ ಕಲ್ಲಿನ ಮನೆಗಳ ಬಿರುಕುಗಳಲ್ಲಿ ಬೇರೂರಿ ಗೋಡೆಯನ್ನೇ ಸೀಳುವ ಆಲ, ಅರಳಿ ಸಸಿಗಳನ್ನು ಮಾಲೀಕರ ಒಪ್ಪಿಗೆ ಪಡೆದು ತೆಗೆಯಬಹುದು. ಗೋಡೆಯೂ ಉಳಿದೀತು, ಹವ್ಯಾಸವೂ ನಡೆದೀತು. ಹುಣಸೆಯನ್ನಂತೂ ಬೀಜದಿಂದಲೇ ಬೆಳೆಸಬಹುದು. ಬೇಕಾಗಿರುವುದು ಗುದ್ದಲಿಯಲ್ಲ, ತಾಳ್ಮೆ.