ಮನೆಯ ಸಾಲು, ಪೇಟೆಯ ಸಾಲು



ಮೃಗಶಿರಾ ಮಳೆ ಹದವಾಗಿ ಬಿದ್ದರೆ ಬದನೆ, ಬೆಂಡೆ, ಹೀರೆ, ಟೊಮ್ಯಾಟೊ ಸಸಿಗಳು ಮಡಿಗಳಲ್ಲಿ ತಲೆಯೆತ್ತುತ್ತವೆ. ಆರಿದ್ರಾ, ಪುನರ್ವಸು ಮಳೆಗಳು ಕಳೆದು ಶ್ರಾವಣ ಸಮೀಪಿಸುವ ಹೊತ್ತಿಗೆ ಹೂಕಾಯಿಗಳೊಡನೆ ಹುಳುಗಳೂ ಬರುತ್ತವೆ. ಹೊಲದ ಮಾತು ಈ ಅಂಕಣಕ್ಕೆ ಸಲ್ಲುವುದೇ ಎಂದು ಕೆಲವರು ಕೇಳಬಹುದು. ಒಕ್ಕಲಿಗ ಮುದ್ದಣ್ಣನವರು ಬೇಸಾಯದ ಕಾಯಕದಿಂದಲೇ ಶರಣರಾದವರು. ನಮ್ಮ ಓದುಗರಲ್ಲಿಯೂ ಅನೇಕರು ಮಣ್ಣನ್ನು ನಂಬಿ ಬಾಳುವವರು. ಆದುದರಿಂದ ಈ ತಿಂಗಳು ತರಕಾರಿಯ ಹುಳುವನ್ನು ಕುರಿತೇ ನಾಲ್ಕು ಮಾತು ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಪ್ರವಚನಕ್ಕಾಗಿ ಒಂದು ಊರಿನ ಮಠದಲ್ಲಿ ತಂಗಿದ್ದೆವು. ಒಂದು ಮುಂಜಾನೆ ಭಕ್ತರೊಬ್ಬರು ದಾಸೋಹಕ್ಕೆಂದು ಒಂದು ಬುಟ್ಟಿ ಬದನೆಕಾಯಿ ತಂದಿಳಿಸಿದರು. ಅಡುಗೆಯ ತಾಯಿಯವರು ಹೆಚ್ಚಲು ಕುಳಿತಾಗ ಹಲವು ಕಾಯಿಗಳಲ್ಲಿ ತೂತು ಕಂಡಿತು. ಭಕ್ತರು ಸಂಕೋಚದಿಂದ, “ಪ್ಯಾಟಿ ಸಾಲಿಂದು ಮಠಕ್ಕ ತರ್ತೀವೇನ್ರೀ ಶಾಸ್ತ್ರಿಗಳ? ಇದು ಮನಿ ಸಾಲಿಂದ್ರೀ. ಇದಕ್ಕ ಎಣ್ಣಿ ಮುಟ್ಟಿಸಿಲ್ರೀ” ಎಂದರು. ತಮ್ಮ ಮನೆಯವರು ಉಣ್ಣಲೆಂದು ಒಂದು ಸಾಲಿಗೆ ಔಷಧಿ ಹೊಡೆಯದೆ ಬಿಟ್ಟು, ಅದರ ಕಾಯಿಯನ್ನು ಅವರು ಗುರುವಿಗೆ ಅರ್ಪಿಸಿದ್ದರು. ನಮಗೆ ಬಹಳ ಸಂತೋಷವಾಯಿತು. ಅಂದಿನ ಪ್ರವಚನದಲ್ಲಿ ಅವರ ಭಕ್ತಿಯನ್ನು ಕೊಂಡಾಡಿದೆವು.

ರಾತ್ರಿ ಮಲಗಿದಾಗ ನಿದ್ರೆ ಬರಲಿಲ್ಲ. ಪೇಟೆಯ ಸಾಲಿನ ಬದನೆಯನ್ನು ಉಣ್ಣುವವರು ಯಾರು? ನಾವು ಕೊಂಡಾಡಿದ್ದು ಯಾವುದನ್ನು?

ಮರುದಿನ ಅವರ ಹೊಲಕ್ಕೆ ಹೋದೆವು. ಪೇಟೆಯ ಸಾಲುಗಳಿಗೆ ವಾರಕ್ಕೆರಡು ಬಾರಿ ಔಷಧಿ ಹೊಡೆಯುತ್ತಿದ್ದರು. ಸಂತೆ ಕಾಯುವುದಿಲ್ಲವಾದ್ದರಿಂದ ಇಂದು ಹೊಡೆದರೆ ನಾಳೆಯೇ ಕಾಯಿ ಕೀಳುತ್ತಿದ್ದರು. “ತೂತಿದ್ದ ಕಾಯಿ ಯಾರು ತಗೋತಾರ್ರೀ? ಸಾಲ ತೀರಬೇಕಲ್ರೀ” ಎಂದು ಅವರು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಉಪದೇಶ ಮಾಡುವುದು ಸುಲಭ. ಹುಳು ಬಿದ್ದ ಹೊಲದ ಬದುವಿನಲ್ಲಿ ನಿಂತಾಗಲೇ ಅದರ ಬೆಲೆ ತಿಳಿಯುತ್ತದೆ. ಅಂದಿನಿಂದ ಬಲ್ಲವರನ್ನು ಕೇಳಿ, ಓದಿ, ಕಣ್ಣಾರೆ ಕಂಡು ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಬದನೆಯ ಮುಖ್ಯ ಶತ್ರು ಕುಡಿ ಮತ್ತು ಕಾಯಿಕೊರಕ. ಈ ಕೀಟವೊಂದರ ಹಾವಳಿ ತಡೆಯಲೆಂದೇ ಕುಲಾಂತರಿ ಬದನೆಯನ್ನು ರೂಪಿಸಿದ್ದರು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿತು. ಇದರ ಪತಂಗವು ಎಲೆ, ಕುಡಿ, ಮೊಗ್ಗುಗಳ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ಎಳೆಯ ಕುಡಿಯನ್ನು ಕೊರೆದು ಒಳಸೇರುತ್ತದೆ. ಕುಡಿ ಬಾಡಿ ಜೋತುಬೀಳುತ್ತದೆ. ಕಾಯಿ ಕಟ್ಟಿದ ಮೇಲೆ ಕಾಯಿಯನ್ನು ಹೊಕ್ಕು, ತಾನು ಹೊಕ್ಕ ಸಣ್ಣ ರಂಧ್ರವನ್ನು ಹಿಕ್ಕೆಯಿಂದ ಮುಚ್ಚಿಕೊಳ್ಳುತ್ತದೆ. ನಾವು ಕಾಣುವ ದೊಡ್ಡ ತೂತು ಹುಳು ಹೊರಬಿದ್ದುದರ ಗುರುತು. ಒಳಗೆ ಸೇರಿದ ಹುಳುವಿಗೆ ಹೊರಗೆ ಹೊಡೆದ ಔಷಧಿ ಸುಲಭವಾಗಿ ತಾಗುವುದಿಲ್ಲ. ಹುಳು ಸಾಯಲಿಲ್ಲವೆಂದು ಮತ್ತೆ ಮತ್ತೆ ಹೊಡೆದರೆ, ಉಣ್ಣುವವರ ತಟ್ಟೆಗೆ ವಿಷ ಸೇರುವುದೇ ಹೆಚ್ಚು.

ಆದುದರಿಂದ ಮೊದಲ ಔಷಧಿ ಕಣ್ಣು ಮತ್ತು ಕೈ. ನಾಟಿ ಮಾಡಿದ ಮೂರು ನಾಲ್ಕು ವಾರಗಳಿಂದ ಮೊದಲುಗೊಂಡು ವಾರಕ್ಕೊಮ್ಮೆ ಸಾಲುಗಳಲ್ಲಿ ಅಡ್ಡಾಡಿ, ಬಾಡಿದ ಕುಡಿಗಳನ್ನು ಹುಳುವಿರುವ ಭಾಗಕ್ಕಿಂತ ಸ್ವಲ್ಪ ಕೆಳಗೆ ಚಿವುಟಿ ಸುಡಬೇಕು. ತೂತುಬಿದ್ದ ಕಾಯಿಗಳನ್ನು ಬದುವಿಗೆ ಎಸೆಯಬಾರದು. ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆಗಳನ್ನು ಗಿಡದ ತುದಿಯ ಮಟ್ಟಕ್ಕೆ ಕಟ್ಟಬೇಕು. ಬದನೆಯ ಹಿಂದೆ ಬದನೆಯನ್ನೇ ಹಚ್ಚಬಾರದು. ಇನ್ನೊಂದು ಮಾತನ್ನು ತಾಯಂದಿರು ಲಕ್ಷ್ಯದಲ್ಲಿಡಬೇಕು. ಹಳೆಯ ಬದನೆಗಿಡಗಳನ್ನು ಕಿತ್ತು ಒಲೆಗೆಂದು ಹಿತ್ತಲಲ್ಲಿ ಒಟ್ಟುವ ರೂಢಿ ಹಲವು ಮನೆಗಳಲ್ಲಿದೆ. ಆ ಒಟ್ಟಿಲಿನೊಳಗಿಂದಲೇ ಪತಂಗಗಳು ಹಾರಿ ಹೊಸ ಸಸಿಗಳನ್ನು ಸೇರುತ್ತವೆ. ಆ ಕಟ್ಟಿಗೆಯನ್ನು ಕೂಡಲೇ ಉರಿಸಿ ಮುಗಿಸಬೇಕು.

ಉಳಿದ ತರಕಾರಿಗಳಿಗೂ ಆಯಾ ಕಾಲದ ಕೀಟಗಳುಂಟು. ಮಳೆಗಾಲದಲ್ಲಿ ಹೀರೆ, ಹಾಗಲಗಳಿಗೆ ಹಣ್ಣುನೊಣದ ಕಾಟ. ನೊಣವು ಎಳೆಗಾಯಿಯ ಸಿಪ್ಪೆಯೊಳಗೆ ಮೊಟ್ಟೆಯಿಡುತ್ತದೆ. ಕೊಳೆತು ಉದುರಿದ ಕಾಯಿಯಿಂದ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ. ಉದುರಿದ ಕಾಯಿಗಳನ್ನು ಆಯ್ದು ಮೊಳದಾಳಕ್ಕೆ ಹೂಳಬೇಕು. ಬಿಸಿಲಿನ ದಿನಗಳಲ್ಲಿ ಬೆಂಡೆಗೆ ಬಿಳಿನೊಣ ಬಂದು ಹಳದಿ ನಂಜು ರೋಗವನ್ನು ಹರಡುತ್ತದೆ. ನಂಜು ತಗುಲಿದ ಗಿಡವನ್ನು ಮೊದಲ ದಿನವೇ ಕಿತ್ತು ಹಾಕಬೇಕು. ಮಳೆ ಬಿಟ್ಟು ಒಣಹವೆ ಹಿಡಿದಾಗ ಎಲೆಕೋಸಿಗೆ ವಜ್ರಬೆನ್ನಿನ ಪತಂಗ ಮುತ್ತುತ್ತದೆ. ಇದು ಅನೇಕ ಔಷಧಿಗಳಿಗೆ ಬಗ್ಗದಿರುವ ಶಕ್ತಿ ಪಡೆದ ಕೀಟ.

ಇದಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸುಲಭವಾದ ಉಪಾಯವನ್ನು ತೋರಿಸಿದ್ದಾರೆ. ಪ್ರತಿ 25 ಸಾಲು ಕೋಸಿಗೆ 2 ಸಾಲು ಸಾಸಿವೆ ಹಾಕಬೇಕು. ಒಂದನ್ನು ಕೋಸಿನ ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಪತಂಗಗಳು ಸಾಸಿವೆಗೆ ಮುತ್ತುತ್ತವೆ. ಹಾಗೆಯೇ 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ ಹಾಕಿದರೆ ಹಸಿರು ಕಾಯಿಕೊರಕವು ಹೂಮೊಗ್ಗುಗಳಲ್ಲಿ ಮೊಟ್ಟೆಯಿಡುತ್ತದೆ. ಟೊಮ್ಯಾಟೊ ಸಸಿ 25 ದಿನದ್ದಾಗಿದ್ದರೆ ಚೆಂಡುಹೂವಿನ ಸಸಿ 40 ದಿನದ್ದಿರಬೇಕು; ಎರಡೂ ಒಟ್ಟಿಗೆ ಹೂಬಿಡುತ್ತವೆ.

ಬೇವು ನಮ್ಮ ಹೊಲದ ಬದುವಿನಲ್ಲೇ ಇದೆ. ಮುಂಗಾರಿನ ಮೊದಲಲ್ಲಿ ಉದುರುವ ಬೀಜಗಳನ್ನು ಮಕ್ಕಳಿಂದ ಆರಿಸಿ ನೆರಳಲ್ಲಿ ಒಣಗಿಸಿಡಿರಿ. 5 ಕಿಲೋ ತಿರುಳನ್ನು ಕುಟ್ಟಿ, 10 ಲೀಟರು ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಸೇರಿಸಿ, 100 ಲೀಟರಿಗೆ ಹೆಚ್ಚಿಸಿ ಸಂಜೆಯ ಹೊತ್ತು ಸಿಂಪಡಿಸಬೇಕು. ಬಿಸಿಲಿಗೆ ಇದರ ಗುಣ ಬೇಗ ಕುಂದುತ್ತದೆ.

ಹುಳುವನ್ನು ಕೊಲ್ಲುವುದು ದಯೆಗೆ ವಿರುದ್ಧವಲ್ಲವೇ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದ್ದುಂಟು. ಬೇಸಾಯದಲ್ಲಿ ಜೀವಹಾನಿ ಪೂರ್ತಿ ತಪ್ಪದು. ಅಗತ್ಯಕ್ಕೆ ಮೀರಿ ಕೊಲ್ಲದಿರುವುದು ಮಾತ್ರ ನಮ್ಮ ಕೈಯಲ್ಲಿದೆ. ಕಂಡಾಬಟ್ಟೆ ಔಷಧಿ ಹೊಡೆದರೆ ಸಸ್ಯಹೇನನ್ನು ತಿನ್ನುವ ಗುಲಗಂಜಿ ಹುಳು, ಜೇಡ, ಕಾಯಿ ಕಟ್ಟಿಸುವ ಜೇನು ಎಲ್ಲವೂ ಸಾಯುತ್ತವೆ. ಚಿವುಟಿದ ಒಂದು ಕುಡಿಯಲ್ಲಿ ಸಾಯುವುದು ಒಂದೇ ಹುಳು.

ಎಲ್ಲ ಮಾಡಿಯೂ ಕೈಮೀರಿದಾಗ ಔಷಧಿ ಬೇಕಾಗಬಹುದು. ಆಗ ಕೃಷಿ ಅಧಿಕಾರಿಗಳನ್ನು ಕೇಳಿ, ಆ ಬೆಳೆಗೆ ಒಪ್ಪಿಗೆಯಿರುವುದನ್ನೇ ಕೊಳ್ಳಬೇಕು. ಡಬ್ಬಿಯ ಮೇಲಿನ ತ್ರಿಕೋನದಲ್ಲಿ ಕೆಂಪು ಬಣ್ಣವಿದ್ದರೆ ಅದು ಅತ್ಯಂತ ಉಗ್ರ ವಿಷ. ಹಸಿರಿದ್ದರೂ ಅದು ವಿಷವೇ. ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದೆಂದು ಜೊತೆಯ ಚೀಟಿಯಲ್ಲಿ ಬರೆದಿರುತ್ತದೆ. ಆ ದಿನಗಳನ್ನು ವ್ರತದಂತೆ ಪಾಲಿಸಬೇಕು. ಕೆಲವು ವಿಷಗಳು ಗಿಡದ ರಸದಲ್ಲಿಯೇ ಸೇರುವುದರಿಂದ, ಎಷ್ಟು ತೊಳೆದರೂ ಕಾಯಿಯಿಂದ ಹೋಗುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆ ಎಲ್ಲರಿಗೂ ಗೊತ್ತು. ಪತಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಚೆಲ್ಲಿ ಬರುವಂತೆ ಹೇಳಿದ ಮಹಾತಾಯಿ ಅವರು. ಮನೆಗೆ ಬಂದ ಧಾನ್ಯ ಹೇಗೆ ಬಂತೆಂದು ಕೇಳಿದ ನಂತರವೇ ಅವರು ದಾಸೋಹಕ್ಕೆ ಅಡುಗೆ ಮಾಡಿದರು. ನಾವು ಪೇಟೆಯಲ್ಲಿ ಮಿರಮಿರನೆ ಹೊಳೆಯುವ ಕಾಯಿಯನ್ನೇ ಆರಿಸುತ್ತೇವೆ, ಒಂದು ತೂತು ಕಂಡರೆ ಬದಿಗೆ ತಳ್ಳುತ್ತೇವೆ. ಆ ಭಕ್ತರ ಕೈಯಲ್ಲಿ ಔಷಧಿಯ ಡಬ್ಬಿ ಇಟ್ಟವರಲ್ಲಿ ನಾವೂ ಇದ್ದೇವೆ. ಹುಳು ಹಿಡಿದ ಭಾಗವನ್ನು ಕೊಯ್ದು ತೆಗೆದರೆ ಉಳಿದುದು ಎಣ್ಣೆಗಾಯಿಗೆ ಸಾಕು.

ಮುಂದಿನ ವರ್ಷ ಮತ್ತೆ ಆ ಊರಿಗೆ ಹೋದೆವು. ಭಕ್ತರ ಮನೆಯ ತಾಯಿಯವರೂ ಸೊಸೆಯೂ ಸೋಮವಾರಕ್ಕೊಮ್ಮೆ ಕುಡಿ ಚಿವುಟುತ್ತಿದ್ದರು. ಔಷಧಿ ಪೂರ್ಣ ನಿಂತಿರಲಿಲ್ಲ. ಆದರೆ ಬಹಳ ಕಡಿಮೆಯಾಗಿತ್ತು, ಹೊಡೆದ ಮೇಲೆ ದಿನ ಎಣಿಸಿ ಕೀಳುತ್ತಿದ್ದರು. ಎರಡು ಸಾಲುಗಳು ಇನ್ನೂ ಒಂದಾಗಿರಲಿಲ್ಲ. ಅಂದಿನ ಪ್ರವಚನದಲ್ಲಿ ನಾವು, ಹಿಂದಿನ ವರ್ಷ ಅರ್ಧ ಮಾತನ್ನಷ್ಟೇ ಹೇಳಿದ್ದೆವೆಂದು ಒಪ್ಪಿಕೊಂಡೆವು. ಜಂಗಮವೆಂದರೆ ಮಠದ ಪಂಕ್ತಿಯಲ್ಲಿ ಕುಳಿತವರಷ್ಟೇ ಅಲ್ಲ. ಸಂತೆಯಲ್ಲಿ ನಮ್ಮ ಬುಟ್ಟಿಯ ಮುಂದೆ ನಿಂತ ಅಪರಿಚಿತ ತಾಯಿಯೂ ಜಂಗಮವೇ.

ಈ ಶ್ರಾವಣದಲ್ಲಿ ಮಠಕ್ಕೆ ಕಾಯಿಪಲ್ಯ ತರುವ ಬಂಧುಗಳು ಯಾವ ಸಾಲಿನದೆಂದು ಆರಿಸಬೇಕಾದ ಸಂದರ್ಭ ಬಾರದಿರಲಿ.