ಲೆನ್ಸ್ ಹಾಕಿ, ಆದರೆ ಮೊದಲು ಒಂದು ಒಳ್ಳೆಯ ಕನ್ನಡಕ ಮಾಡಿಸಿ

ಸಿಕಂದರಾಬಾದಿನ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳು ಕಾಲೇಜು ಸೇರಿದಾಗ, ಮಗಳ ಮದುವೆ ಮಾತುಕತೆ ಶುರುವಾದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: ಕನ್ನಡಕ ಬಿಡಿಸಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಸೋಣವಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೆನ್ಸ್ ಹಾಕಲಿ, ತಕರಾರಿಲ್ಲ. ಆದರೆ ಈಗಿನ ಪವರಿನ ಕನ್ನಡಕ ಒಂದು ಕೈಯಲ್ಲಿ ಇಲ್ಲದಿದ್ದರೆ ಲೆನ್ಸ್ ಕೊಡಿಸಲೇಬೇಡಿ.

ಕಾರಣ ಕೇಳಿ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ. ಅದರಲ್ಲಿ ರಕ್ತನಾಳಗಳಿಲ್ಲ, ಬೇಕಾದ ಆಮ್ಲಜನಕವನ್ನು ಹೆಚ್ಚಾಗಿ ಹೊರಗಿನ ಗಾಳಿಯಿಂದಲೇ ಪಡೆಯುತ್ತದೆ. ರೆಪ್ಪೆ ಮುಚ್ಚಿ ಮಲಗಿದಾಗ ಅದು ಹೇಗೂ ಕಡಿಮೆ. ನಡುವೆ ಲೆನ್ಸ್ ಇದ್ದರೆ ಇನ್ನೂ ಕಡಿಮೆ. ಲೆನ್ಸ್ ಹಾಕಿಕೊಂಡೇ ಮಲಗಿದರೆ ಕಾರ್ನಿಯಾ ಸೋಂಕಿನ ಅಪಾಯ 6ರಿಂದ 8 ಪಟ್ಟು ಹೆಚ್ಚುತ್ತದೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಚ್ಚರಿಸಿದೆ.

ಹಾಗೆ ಯಾರು ಮಲಗುತ್ತಾರೆ ಅಂತೀರಾ? ಕಾಚಿಗುಡದಲ್ಲಿ ರೈಲು ಹತ್ತಿ ರಾತ್ರಿಯೆಲ್ಲ ಬೆಂಗಳೂರಿಗೆ ಪ್ರಯಾಣ ಮಾಡುವ ನಮ್ಮ ಮಕ್ಕಳೇ. ಅಪ್ಪರ್ ಬರ್ತ್, ಅಲುಗಾಡುವ ಬೋಗಿ, ಕೈ ತೊಳೆಯಲು ಶೌಚಾಲಯದ ಪಕ್ಕದ ನಲ್ಲಿ. ಬ್ಯಾಗಿನಲ್ಲಿ ಕನ್ನಡಕವೇ ಇಲ್ಲ, ಇದ್ದರೂ ಎರಡು ವರ್ಷದ ಹಿಂದಿನ ಪವರು. ಲೆನ್ಸ್ ತೆಗೆದರೆ ಸ್ಟೇಷನ್ ಬೋರ್ಡೂ ಕಾಣುವುದಿಲ್ಲ. ಸರಿ, ಒಂದೇ ರಾತ್ರಿ ತಾನೆ ಅಂತ ಹಾಗೇ ಮಲಗುತ್ತಾರೆ.

ಇದಕ್ಕಿಂತ ನನಗೆ ಹೆಚ್ಚು ಸಂಕಟ ಆಗುವುದು ಮದುವೆಯ ವಿಷಯದಲ್ಲಿ. ಗಂಡಿನ ಕಡೆಯವರಿಗೆ ಕನ್ನಡಕ ಕಾಣಬಾರದೆಂದು ಮಗಳಿಗೆ ಲೆನ್ಸ್ ಹಾಕಿಸಿ ಕೂರಿಸುತ್ತೀರಿ. ಮಾತು ಮುಗಿಯಿತು, ಮದುವೆಯೂ ಆಯಿತು. ಹೊಸ ಮನೆಯಲ್ಲಿ ಆ ಹುಡುಗಿ ರಾತ್ರಿ ಲೆನ್ಸ್ ತೆಗೆದಿಟ್ಟು ಕನ್ನಡಕ ಹಾಕಿಕೊಳ್ಳುವುದು ಹೇಗೆ? ಅತ್ತೆ ನೋಡಿದರೆ ಎಂಬ ಹೆದರಿಕೆಯಲ್ಲಿ ಲೆನ್ಸಿನಲ್ಲೇ ಮಲಗಿ ಏಳುತ್ತಾಳೆ. ಮೈನಸ್ ನಾಲ್ಕೋ ಐದೋ ಇದೆ ಎಂದು ಮೊದಲ ದಿನವೇ ಹೇಳಿಬಿಡಿ, ಅಮ್ಮಂದಿರೇ. ಅಷ್ಟಕ್ಕೇ ಮುರಿದುಬೀಳುವ ಸಂಬಂಧ ಬೀಳಲಿ.

ಇನ್ನು ನೀರು. ಬೋರು, ಟ್ಯಾಂಕರ್ ನೀರು ಬೇಡ ಎಂದರೆ ಆರ್‌ಒ ನೀರು ಆಗಬಹುದಲ್ಲ, ಕುದಿಸಿ ಆರಿಸಿದ್ದು ಆಗಬಹುದಲ್ಲ ಎಂದು ಕೇಳುವವರಿದ್ದಾರೆ. ಯಾವುದೂ ಆಗದು. ನೀರಿನಲ್ಲೂ ಮಣ್ಣಿನಲ್ಲೂ ಇರುವ ಅಕಾಂಥಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಮೂಲಕ ಕಾರ್ನಿಯಾಕ್ಕೆ ಸೇರಿಕೊಂಡರೆ ತಿಂಗಳುಗಟ್ಟಲೆ ಔಷಧ ಹಾಕಬೇಕಾಗುತ್ತದೆ, ಕೆಲವರಿಗೆ ಕಾರ್ನಿಯಾ ಕಸಿಯೇ ಬೇಕಾಗುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಸೋಂಕು ಹೆಚ್ಚಾದಾಗ, ಉಪ್ಪಿನ ಮಾತ್ರೆ ಕರಗಿಸಿ ಮನೆಯಲ್ಲೇ ಲೆನ್ಸಿನ ನೀರು ಮಾಡಿಕೊಳ್ಳುತ್ತಿದ್ದುದು ಒಂದು ಕಾರಣವೆಂದು ತಿಳಿದುಬಂತು. ಆದ್ದರಿಂದ ಲೆನ್ಸಿಗೆ ಅದರ ಸೊಲ್ಯೂಷನ್ ಮಾತ್ರ. ಸ್ನಾನ ಆದ ಮೇಲೆ, ಸೋಪಿನಿಂದ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಲೆನ್ಸ್ ಹಾಕಬೇಕು. ಡಬ್ಬಿಯಲ್ಲಿ ಉಳಿದ ನಿನ್ನೆಯ ಸೊಲ್ಯೂಷನ್ ಮೇಲೆ ಹೊಸದನ್ನು ಸುರಿಯುವುದು ಎಂಜಲು ಪಾತ್ರೆಯಲ್ಲೇ ಮತ್ತೆ ಸಾರು ಮಾಡಿದಂತೆ. ಡಬ್ಬಿಯನ್ನೂ ಮೂರು ತಿಂಗಳಿಗೊಮ್ಮೆ ಬದಲಿಸಿ. ಇಷ್ಟೆಲ್ಲ ರಗಳೆ ಎನಿಸಿದರೆ ಒಂದು ದಿನ ಹಾಕಿ ಎಸೆಯುವ ಲೆನ್ಸ್ ಬರುತ್ತದೆ. ಖರ್ಚು ಹೆಚ್ಚು, ಆದರೂ ಹಬ್ಬಕ್ಕೋ ಭರತನಾಟ್ಯಕ್ಕೋ ಅಪರೂಪಕ್ಕೆ ಹಾಕುವವರಿಗೆ ಅದೇ ಸರಿ. (ಮೆಹೆಂದಿಯ ದಿನ ಗೆಳತಿಯರು ಬಣ್ಣದ ಲೆನ್ಸ್ ಅದಲುಬದಲು ಮಾಡಿಕೊಳ್ಳುತ್ತಾರಂತೆ! ದಯವಿಟ್ಟು ಬೇಡ.)

ಲೆನ್ಸ್ ನಿಜವಾಗಿ ಬೇಕಾದವರೂ ಇದ್ದಾರೆ. ಕಾರ್ನಿಯಾ ಶಂಕುವಿನಂತೆ ಚೂಪಾಗುವ ಕೆರಟೋಕೋನಸ್ ಮುಂದುವರಿದವರಿಗೆ ಕನ್ನಡಕದಿಂದ ದೃಷ್ಟಿ ಸರಿಹೋಗುವುದಿಲ್ಲ, ಗಟ್ಟಿ ಲೆನ್ಸೇ ಬೇಕಾಗುತ್ತದೆ. ಎರಡು ಕಣ್ಣಿನ ಪವರಿನಲ್ಲಿ ತುಂಬ ಅಂತರ ಇರುವವರಿಗೆ, ಪವರು ಬಹಳ ಹೆಚ್ಚಿರುವವರಿಗೆ ಲೆನ್ಸಿನಿಂದ ಅನುಕೂಲ. ಅಂಥವರು ವೈದ್ಯರ ಮಾತಿನಂತೆ ನಡೆಯಲಿ, ನನ್ನ ಮಾತು ಕೇಳಿ ಬಿಡಬೇಡಿ.

ನಲವತ್ತು ದಾಟಿದವರಿಗೆ ಒಂದು ಮಾತು. ಮೈನಸ್ ಪವರಿನವರು ಪೇಪರ್ ಓದುವಾಗ ಕನ್ನಡಕ ಹಣೆಗೇರಿಸಿದರೆ ಎಷ್ಟೋ ಸಲ ಕೆಲಸ ನಡೆಯುತ್ತದೆ. ಲೆನ್ಸನ್ನು ಹಾಗೆ ಏರಿಸಲಾಗದು, ಅದರ ಮೇಲೆ ಓದುವ ಕನ್ನಡಕ ಬೇರೆ ಬೇಕಾಗುತ್ತದೆ.

2018ರ ಆಗಸ್ಟ್ 15ರಂದು ತೆಲಂಗಾಣದಲ್ಲಿ ಆರಂಭವಾದ ‘ಕಂಟಿ ವೆಲುಗು’ ಶಿಬಿರಗಳಲ್ಲಿ ಜನರಿಗೆ ಉಚಿತವಾಗಿ ಕೊಟ್ಟದ್ದು ಕನ್ನಡಕವನ್ನೇ. ಧೂಳಾದರೆ ಸೀರೆ ಸೆರಗಲ್ಲಿ ಒರೆಸಿಕೊಂಡರೂ (ಗೀರು ಬೀಳುತ್ತದೆ, ಆ ಮಾತು ಬೇರೆ) ಕಣ್ಣಿಗೆ ಸೋಂಕು ತರುವ ವಸ್ತುವಲ್ಲ ಅದು.

ಲೆನ್ಸ್ ಹಾಕುವವರ ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡಲಾಗದಿದ್ದರೆ, ಮಸುಕಾದರೆ ತಕ್ಷಣ ಲೆನ್ಸ್ ತೆಗೆದು ಕನ್ನಡಕ ಹಾಕಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತರಬೇಡಿ. ಸ್ಟೀರಾಯ್ಡ್ ಇರುವ ಹನಿಯಿಂದ ಸೋಂಕು ಇನ್ನೂ ಕೆಡಬಹುದು. ನಾಳೆ ನೋಡೋಣ ಎನ್ನದೆ ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಮೆಹದಿಪಟ್ನಂ ಕಡೆ ಸರ್ಕಾರಿ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆ ಇದೆ, ಬಂಜಾರಾ ಹಿಲ್ಸ್‌ನಲ್ಲಿ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಇದೆ. ಹೋಗುವಾಗ ತೆಗೆದ ಲೆನ್ಸ್, ಅದರ ಡಬ್ಬಿ, ಸೊಲ್ಯೂಷನ್ ಬಾಟಲಿ ಮೂರನ್ನೂ ಕವರಿನಲ್ಲಿ ಹಾಕಿಕೊಂಡು ಹೋಗಿ. ಯಾವ ಸೋಂಕೆಂದು ಪರೀಕ್ಷೆ ಮಾಡಲು ವೈದ್ಯರಿಗೆ ಅವು ಬೇಕಾಗಬಹುದು.